ಕಾಶಿಗೆ ಎತ್ತಿಟ್ಟ ದುಡ್ಡು

ಮೊದಲೇ ಹೇಳಿಬಿಡ್ತೀವಿ: ನಾವು ಕಾಶಿಗೆ ಹೋಗಿದ್ದು ಲೈನ್ ಫಾಲೋವರ್ ರೋಬೋ ಓಡಿಸೋಕೆ. ಅದು ಓಡಲಿಲ್ಲ. ಹಾಸ್ಟೆಲ್ ರೂಮಿನ ಟ್ಯೂಬ್‌ಲೈಟ್ ಕೆಳಗೆ ಕ್ಯಾಲಿಬ್ರೇಟ್ ಮಾಡಿದ್ದ ಸೆನ್ಸರ್‌ಗಳಿಗೆ ಅಲ್ಲಿನ ಹಾಲ್‌ನ ಬೆಳಕು ಒಗ್ಗಲಿಲ್ಲ. ಎರಡನೇ ತಿರುವಿನಲ್ಲೇ ಕಪ್ಪು ಗೆರೆ ಬಿಟ್ಟು ಸೀದಾ ಜಡ್ಜ್ ಕಾಲಿನ ಹತ್ತಿರ ಹೋಗಿ ನಿಂತಿತು. ಮೊದಲ ರೌಂಡಿಗೇ ಔಟ್. ವಾಪಸ್ ಬರುವ ಸಂಘಮಿತ್ರ ರೈಲಿಗೆ ಇನ್ನೂ ಒಂದೂವರೆ ದಿನ ಇತ್ತು.

ನಾವು ಅಂದರೆ ನಾಲ್ಕು ಜನ. ಹಾಸ್ಟೆಲ್‌ನಲ್ಲಿ ಊರೇ ಹೆಸರು ಅಂತ ನಿಮಗೂ ಗೊತ್ತು. ಹಾಗಾಗಿ ಮಂಡ್ಯ, ಗದಗ, ಶಿರಸಿ, ಬೆಂಗಳೂರು. ಇದನ್ನು ಟೈಪ್ ಮಾಡ್ತಿರೋದು ಬೆಂಗಳೂರು. ಓದಿದ್ದು ಇಂಗ್ಲಿಷ್ ಮೀಡಿಯಂ, ಸೆಕೆಂಡ್ ಲ್ಯಾಂಗ್ವೇಜ್ ಹಿಂದಿ. ಒತ್ತಕ್ಷರ ತಪ್ಪಿದ್ದರೆ ಉಳಿದ ಮೂವರನ್ನು ಬೈಬೇಡಿ. ಆದರೆ ಆ ಹಿಂದಿಯಿಂದಲೇ ಕಾಶಿಯಲ್ಲಿ ನಮ್ಮ ಊಟ, ಆಟೋ, ಚೌಕಾಸಿ ಎಲ್ಲ ನಡೆದದ್ದು.

ಉಳಿದ ದಿನ ಏನು ಮಾಡೋದು ಅಂದಾಗ, ಗಂಗೆಯಲ್ಲಿ ಬೋಟ್ ರೈಡ್ ಅಂತ ತೀರ್ಮಾನವಾಯಿತು. ನಮಗೆ ಬೇಕಿದ್ದದ್ದು ಮೇಲೆ ಡೆಕ್ ಇರೋ ದೊಡ್ಡ ಕ್ರೂಸ್. ರೀಲ್ಸ್ ಚೆನ್ನಾಗಿ ಬರುತ್ತೆ ಅಂತ. ಮಂಡ್ಯ ಮಾತ್ರ ಹಟ ಹಿಡಿದ. "ಹುಟ್ಟು ಹಾಕೋ ದೋಣೀಲೇ ಓಗೋಣ ಕಣ್ರಲಾ" ಅಂದ. ಯಾಕೆ ಅಂದರೆ ಹೇಳಲಿಲ್ಲ. ದುಡ್ಡಿಲ್ಲ ಅನ್ನಿಸುತ್ತೆ ಅಂದುಕೊಂಡು ಸುಮ್ಮನಾದೆವು.

ಬೆಳಿಗ್ಗೆ ಐದೂವರೆಗೆ ಅಸ್ಸಿ ಘಾಟ್. ಫೆಬ್ರವರಿ ಚಳಿ, ಮಂಜು. ದೋಣಿಯವರು ಸಾವಿರದ ಐನೂರು ಕೇಳಿದರು. ಬೆಂಗಳೂರು ತನ್ನ ಹಿಂದಿಯನ್ನೆಲ್ಲ ಖರ್ಚು ಮಾಡಿ ಎಂಟುನೂರಕ್ಕೆ ಇಳಿಸಿದ. ಇಳಿಸಿದ್ದಕ್ಕೆ ನಾವು ಹೈಫೈ ಕೂಡ ಕೊಟ್ಟುಕೊಂಡೆವು. ಅವರು ನಮ್ಮ ಅಪ್ಪಂದಿರಿಗಿಂತ ದೊಡ್ಡವರು. ಚಾಚಾ ಅಂತಲೇ ಕರೆದೆವು.

ಕಾಶಿಯಲ್ಲಿ ಗಂಗೆ ಉತ್ತರಕ್ಕೆ ಹರಿಯುತ್ತಾಳೆ. ಘಾಟ್‌ಗಳೆಲ್ಲ ಪಶ್ಚಿಮ ದಡದಲ್ಲಿ ಸಾಲಾಗಿ ಇವೆ, ಲೆಕ್ಕಕ್ಕೆ 84 ಅಂತಾರೆ. ಎದುರು ದಡದಲ್ಲಿ ಬರೀ ಮರಳು. ಇಷ್ಟು ಹಳೇ ಊರು ಒಂದೇ ದಡದಲ್ಲಿ ಯಾಕಿದೆ ಅಂತ ಶಿರಸಿ ಕೇಳಿದ. ಗದಗ ಸಿವಿಲ್, ಇಂಥದ್ದಕ್ಕೇ ಕಾಯ್ತಿದ್ದ. "ನದಿ ಇಲ್ಲಿ ಬಾಗೇತಿ ನೋಡಲೇ. ಹೊರಗಿನ ದಂಡಿಗೆ ನೀರು ಜೋರು ಹೊಡೀತೇತಿ, ಒಳಗಿನ ದಂಡಿಗೆ ಮರಳು ಕೂಡಿಸ್ತೇತಿ. ಊರಿರೋದು ಹೊರಗಿನ ದಂಡಿಮ್ಯಾಲ. ಕೆಳಗ ಗಟ್ಟಿ ಜೇಡಿಮಣ್ಣು, ಸುಣ್ಣದ ಹರಳು ಇರೋದಕ್ಕ ಕೊಚ್ಚಿ ಹೋಗಿಲ್ಲ" ಅಂದ. ಇಂಟರ್ನಲ್ಸ್‌ನಲ್ಲಿ ಇಷ್ಟು ಬರೆದಿದ್ದರೆ ಅವನಿಗೆ ಬ್ಯಾಕ್ ಇರ್ತಿರಲಿಲ್ಲ.

ಹೊಳೆ ಹರಿಯುವ ದಿಕ್ಕಿಗೇ ಹೋಗ್ತಿದ್ದರಿಂದ ಚಾಚಾಗೆ ಹುಟ್ಟು ಹಾಕೋದು ಹಗುರವಾಗಿತ್ತು. ಬೆಳ್ಳಕ್ಕಿ ಇರಬಹುದು ಅಂದುಕೊಂಡಿದ್ದವು ಹತ್ತಿರ ಬಂದಾಗ ಗೊತ್ತಾಯಿತು, ಚಳಿಗಾಲಕ್ಕೆ ವಲಸೆ ಬರುವ ಗಲ್ ಹಕ್ಕಿಗಳು. ಪಕ್ಕದ ದೋಣಿಯವರು ಎಸೆದ ಸೇವ್‌ಗೆ ಮುಗಿಬೀಳುತ್ತಿದ್ದವು. ಚೇತ್ ಸಿಂಗ್ ಘಾಟ್‌ನ ಕೋಟೆಯಂಥ ಗೋಡೆ ತೋರಿಸಿ ಚಾಚಾ ಕಥೆ ಹೇಳಿದರು. 1781ರಲ್ಲಿ ವಾರನ್ ಹೇಸ್ಟಿಂಗ್ಸ್ ರಾಜನನ್ನು ಇಲ್ಲೇ ಬಂಧನದಲ್ಲಿಟ್ಟಾಗ, ಪೇಟಗಳನ್ನು ಹಗ್ಗದಂತೆ ಕಟ್ಟಿ ಇಳಿದು ದೋಣಿಯಲ್ಲಿ ತಪ್ಪಿಸಿಕೊಂಡನಂತೆ. ಹಾಸ್ಟೆಲ್ ಗೇಟ್ ಹತ್ತು ಗಂಟೆಗೆ ಮುಚ್ಚುವವರಿಗೆ ಈ ಕಥೆ ಬಹಳ ಹಿಡಿಸಿತು.

ಸ್ವಲ್ಪ ಮುಂದೆ ಗೋಡೆ ಮೇಲೆ "ಕರ್ನಾಟಕ ಘಾಟ್" ಅನ್ನೋ ಹೆಸರು. ಮೈಸೂರು ಸಂಸ್ಥಾನದ ಕಾಲದ್ದು. ನಾವೆಲ್ಲ ಎದ್ದು ಕೂಗಿದ್ದಕ್ಕೆ ದೋಣಿ ಅಲ್ಲಾಡಿ ಚಾಚಾ ಬೈದರು. ಅದರ ಪಕ್ಕದಲ್ಲೇ ಹರಿಶ್ಚಂದ್ರ ಘಾಟ್. ಅಷ್ಟು ಬೆಳಿಗ್ಗೆಯೇ ಒಂದು ಚಿತೆ ಉರಿಯುತ್ತಿತ್ತು. ಬೆಂಗಳೂರಿನ ಶ್ರೀರಾಂಪುರದ ಸ್ಮಶಾನಕ್ಕೂ ಇದೇ ಹೆಸರು. ಎಂಟುನೂರು ವರ್ಷದ ಹಿಂದೆ ರಾಘವಾಂಕ ಹರಿಶ್ಚಂದ್ರನ ಕಾವ್ಯ ಬರೆದಿದ್ದು, ಅದರಲ್ಲಿ ರಾಜ ಕಾಶಿಯ ಸ್ಮಶಾನ ಕಾಯೋದು, ಇದೆಲ್ಲ ಪಿಯುಸಿಯಲ್ಲಿ ಕನ್ನಡ ತಗೊಂಡಿದ್ದ ಶಿರಸಿ ಹೇಳಿದ. ಕರ್ನಾಟಕದವರಿಗೆ ಕಾಶಿಯಲ್ಲಿ ಜಾಗ ಸಿಕ್ಕಿದ್ದು ಹರಿಶ್ಚಂದ್ರನ ಪಕ್ಕದಲ್ಲೇ ಅಂತ ನಗಾಡಿದೆವು. ಮಂಡ್ಯ ನಗಲಿಲ್ಲ. ಬ್ಯಾಗಿನಿಂದ ಖಾಲಿ ನೀರಿನ ಬಾಟ್ಲಿ ತೆಗೆದು, "ಚಾಚಾ ಹತ್ರ ಕೇಳ್ಲಾ, ನಡುನೀರಲ್ಲಿ ಸ್ವಲ್ಪ ನಿಲ್ಲಿಸ್ತಾರಾ ಅಂತ" ಅಂದ.

ದೋಣಿ ನಿಂತಿತು. ಅವನು ಬಗ್ಗಿ ಬಾಟ್ಲಿ ತುಂಬಿಸಿ, ಮುಚ್ಚಳ ಎರಡು ಸಲ ತಿರುಗಿಸಿ ನೋಡಿ, ತೊಡೆ ಮೇಲೆ ಇಟ್ಟುಕೊಂಡ. ಅಮ್ಮ ಹೇಳಿರ್ತಾರೆ ಅಂದುಕೊಂಡೆವು. ನಮ್ಮ ಗಮನ ಆಗಲೇ ದಶಾಶ್ವಮೇಧ ಘಾಟ್ ಮೇಲೆ, ಅದರಾಚೆಯ ಮಾನಮಂದಿರದ ಮೇಲೆ ಇತ್ತು. ಆ ಅರಮನೆಯ ಮಾಳಿಗೆ ಮೇಲೆ ಜೈಪುರದ ಜೈಸಿಂಗ್ ಮಾಡಿಸಿದ ವೀಕ್ಷಣಾಲಯ ಇದೆ, ದೆಹಲಿಯ ಜಂತರ್ ಮಂತರ್ ಮಾಡಿಸಿದವನೇ. ಕಲ್ಲು ಗಾರೆಯಲ್ಲಿ ಕಟ್ಟಿ, ಬಿಸಿಲು ನೆರಳಿನಲ್ಲೇ ಹೊತ್ತು ಅಳೆದರು. ನಮ್ಮ ಸೆನ್ಸರ್ ಒಂದು ಹಾಲ್‌ನ ಬೆಳಕಿಗೆ ಸೋತಿತ್ತು.

ಮಣಿಕರ್ಣಿಕಾ ಹತ್ತಿರ ಬಂದಾಗ ಚಾಚಾ ಒಂದೇ ಮಾತು ಹೇಳಿದರು: "ಫೋನ್ ಒಳಗಿಡಿ." ದಡದಲ್ಲಿ ಮನೆ ಎತ್ತರಕ್ಕೆ ಸೌದೆ ಒಟ್ಟಿದ್ದರು. ಮಸಿ ಹಿಡಿದ ಗೋಡೆಗಳು. ನಾಲ್ಕೈದು ಕಡೆ ಬೆಂಕಿ. ಹಗಲು ರಾತ್ರಿ ಆರೋದಿಲ್ಲವಂತೆ. ತಲೆ ಬೋಳಿಸಿಕೊಂಡಿದ್ದ ಒಬ್ಬ ಹುಡುಗ ಮೆಟ್ಟಿಲ ಮೇಲೆ ನಿಂತಿದ್ದ, ನಮ್ಮದೇ ವಯಸ್ಸು. ಅವನು ನಮ್ಮ ದೋಣಿ ನೋಡಿದ. ಅವನ ಜೀವನದ ಅತಿ ಕೆಟ್ಟ ಬೆಳಿಗ್ಗೆ ನಮಗೆ ಎಂಟುನೂರು ರೂಪಾಯಿಯ ಸೈಟ್‌ಸೀಯಿಂಗ್ ಆಗಿತ್ತು. ಎಲ್ಲಿ ನೋಡಬೇಕು ಅಂತಲೇ ತಿಳಿಯಲಿಲ್ಲ.

ಆಗ ಮಂಡ್ಯ ಮಾತಾಡಿದ, ನೀರನ್ನೇ ನೋಡ್ತಾ. ಅವನ ಅಜ್ಜಿ ಹೋದ ವರ್ಷ ಏಪ್ರಿಲ್‌ನಲ್ಲಿ ಹೋದರು. ಬೂದಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟದ್ದಾಯಿತು. ಆದರೆ ಅಜ್ಜಿಗೆ ಬದುಕಿದ್ದಾಗ ಒಂದು ಸಲ ಕಾಶಿ ನೋಡಬೇಕು ಅಂತಿತ್ತು. ಡೇರಿಗೆ ಹಾಲು ಹಾಕಿದ ದುಡ್ಡಲ್ಲಿ ಹತ್ತು ಇಪ್ಪತ್ತು ಉಳಿಸಿ, ಎಲೆ ಅಡಿಕೆ ಚೀಲದಲ್ಲಿ ಎತ್ತಿಡುತ್ತಿದ್ದರಂತೆ. ಮೊಮ್ಮಗನ ಫೀಸ್ ಕಟ್ಟೋಕೆ ಎರಡು ಸಲ ಅದನ್ನು ಖಾಲಿ ಮಾಡಿ, ಮತ್ತೆ ಮೊದಲಿನಿಂದ ಶುರು ಮಾಡಿದ್ದರಂತೆ.

ಏಪ್ರಿಲ್‌ನಲ್ಲಿ ಇವನು ನಾಲ್ಕು ದಿನ ಕ್ಲಾಸಿಗೆ ಬಂದಿರಲಿಲ್ಲ. ಬಂದಮೇಲೆ ನಾವು ಕೇಳಿದ್ದು ಒಂದೇ: "ಎಲ್ಲೋ ಹೋಗಿದ್ದೆ, ಅಟೆಂಡೆನ್ಸ್ ಎಷ್ಟಿದೆ?"

ಯಾರೂ ಏನೂ ಹೇಳಲಿಲ್ಲ. ಚಾಚಾಗೆ ಕನ್ನಡ ತಿಳಿಯದಿದ್ದರೂ ಏನೋ ತಿಳಿದಿರಬೇಕು, ಸ್ವಲ್ಪ ಹೊತ್ತು ಹುಟ್ಟು ಎತ್ತಿ ಹಾಗೇ ತೇಲಲು ಬಿಟ್ಟರು.

ಪಕ್ಕದ ಸಿಂಧಿಯಾ ಘಾಟ್‌ನಲ್ಲಿ ಒಂದು ಗುಡಿ ಇದೆ, ರತ್ನೇಶ್ವರ. ಕಣ್ಣಿಗೇ ಗೊತ್ತಾಗುವಷ್ಟು ವಾಲಿದೆ. ಮಳೆಗಾಲದಲ್ಲಿ ಗರ್ಭಗುಡಿ ನೀರಲ್ಲಿ ಮುಳುಗುತ್ತದೆ. ಗದಗ ಮೆಲ್ಲಗೆ "ಫೌಂಡೇಶನ್ ಕುಸಿದೇತಿ" ಅಂದ. ಚಾಚಾ ಬೇರೆ ಕಥೆ ಹೇಳಿದರು. ಒಬ್ಬ ತನ್ನ ತಾಯಿಗಾಗಿ ಈ ಗುಡಿ ಕಟ್ಟಿಸಿ, "ಅಮ್ಮನ ಋಣ ತೀರಿತು" ಅಂದನಂತೆ. ಅಂದ ಕ್ಷಣವೇ ವಾಲಿತಂತೆ. ಅದಕ್ಕೇ ಇದಕ್ಕೆ ಮಾತೃಋಣ ಮಹಾದೇವ ಅಂತಲೂ ಕರೀತಾರೆ. ಬೆಂಗಳೂರು ಅದನ್ನು ಕನ್ನಡಕ್ಕೆ ತಂದು ಹೇಳಿದ. ಆ ದಿನ ಅವನು ಮಾಡಿದ ಕಷ್ಟದ ಅನುವಾದ ಅದೇ.

ಅಲ್ಲೇ ಇಳಿದೆವು. ಪರ್ಸ್ ತೆಗೆಯುವಷ್ಟರಲ್ಲಿ ಮಂಡ್ಯ ಬಟ್ಟೆ ಚೀಲದ ದಾರ ಬಿಚ್ಚಿದ್ದ. ಹತ್ತರ, ಇಪ್ಪತ್ತರ, ಐವತ್ತರ ನೋಟು, ಎಲ್ಲ ಸುರುಳಿ ಸುತ್ತಿದ್ದವು, ಅಡಿಕೆ ವಾಸನೆ. ಎಂಟುನೂರು ಎಣಿಸಿದ. ನಾವು ಬೇಡ ಅಂದೆವು. "ಅವ್ವ ಏಳವ್ಳೆ, ಗಂಗೆ ಮೇಲೆ ಓಗೋದು ಅಜ್ಜಿ ದುಡ್ಡಲ್ಲೇ ಅಂತ. ನಿಮ್ನೂ ಅಜ್ಜೀನೇ ಕರ್ಕಬಂದ್ಲು ಅನ್ಕಳಿ, ಬುಡಿ" ಅಂದ. ಚೀಲದಲ್ಲಿ ಎರಡು ಹಳೇ ಐನೂರರ ನೋಟು ಉಳಿದಿದ್ದವು, 2016ರಲ್ಲಿ ರದ್ದಾದವು. "ಇದು ನಡೆಯೋದಿಲ್ಲ ಮಾರಾಯ" ಅಂದ ಶಿರಸಿ. "ಗೊತ್ತು. ಅಜ್ಜೀಗ್ ಗೊತ್ತಿರ್ಲಿಲ್ಲ" ಅಂತ ಹೇಳಿ ದಾರ ಕಟ್ಟಿದ.

ಚಾಚಾ ಆ ಸುರುಳಿ ನೋಟುಗಳನ್ನು ಬಿಡಿಸಿ ಎರಡು ಸಲ ಎಣಿಸಿದರು. ದಿನದ ಮೊದಲ ಬೋಣಿ, ಎರಡೂ ಕಣ್ಣಿಗೆ ಒತ್ತಿಕೊಂಡು ಜೇಬಿಗೆ ಹಾಕಿದರು. ಆ ಸಾವಿರದ ಐನೂರನ್ನು ಎಂಟುನೂರಕ್ಕೆ ಇಳಿಸಿದ್ದಕ್ಕೆ ನಮಗೆ ಮೊದಲ ಸಲ ನಾಚಿಕೆಯಾಯಿತು.

ಮೆಟ್ಟಿಲು ಹತ್ತುವಾಗ ಶಿರಸಿ ಅವನ ಹೆಗಲು ಮುಟ್ಟಿ, "ಅಂತೂ ಅಜ್ಜಿ ಋಣ ತೀರಿಸಿದೆ" ಅಂದ. ಮಂಡ್ಯ ಹಿಂದೆ ತಿರುಗಿ ವಾಲಿದ ಗುಡಿ ತೋರಿಸಿದ. "ಅಂಗನ್ಬೇಡ ಕಣ್ಲಾ. ಇನ್ನೊಸಿ ವಾಲ್ಬುಟ್ಟಾತು." ಎಲ್ಲರೂ ನಕ್ಕೆವು. ಅವನು ಕಣ್ಣೂ ಒರೆಸಿಕೊಂಡ.

ಕಾಶಿಗೆ ಹೋದವರು ಇಷ್ಟದ್ದೊಂದು ಬಿಟ್ಟು ಬರಬೇಕು ಅಂತ ಮನೆಯಲ್ಲಿ ಹೇಳ್ತಾರಲ್ಲ, ಗದಗ ಹಾಗಲಕಾಯಿ ಬಿಟ್ಟ. ಅದನ್ನು ಅವನು ಹುಟ್ಟಿದಾಗಿನಿಂದ ತಿಂದಿಲ್ಲ.

ಸಂಜೆ ಆಟೋದಲ್ಲಿ ಮಾಳವೀಯ ಸೇತುವೆ ದಾಟಿ ಜಂಕ್ಷನ್‌ಗೆ ಹೊರಟೆವು. 1887ರ ಸೇತುವೆ, ಮೇಲೆ ರಸ್ತೆ, ಕೆಳಗೆ ರೈಲು. ಅಲ್ಲಿಂದ ಇಡೀ ಘಾಟ್ ಸಾಲು ಬಾಗಿಕೊಂಡು ಕಾಣುತ್ತದೆ. ಬೇರೆ ದಿನವಾಗಿದ್ದರೆ ವಿಡಿಯೋ ಮಾಡ್ತಿದ್ದೆವು.

ರೈಲಿನಲ್ಲಿ ರೋಬೋವನ್ನು ಥರ್ಮೋಕೋಲ್ ಡಬ್ಬದಿಂದ ತೆಗೆದು ಟವೆಲ್‌ನಲ್ಲಿ ಸುತ್ತಿ ಸೀಟಿನ ಕೆಳಗೆ ತಳ್ಳಿದೆವು. ಡಬ್ಬದಲ್ಲಿ ಗಂಗೆ ಬಾಟ್ಲಿ ನೆಟ್ಟಗೆ ಕೂತಿತು. ಬೆಂಗಳೂರು ಬರುವ ತನಕ, ರಾತ್ರಿ ಕೂಡ, ಸರದಿ ಹಾಕಿಕೊಂಡು ಅದು ಉರುಳದ ಹಾಗೆ ನೋಡಿಕೊಂಡೆವು. ಏಪ್ರಿಲ್‌ನಲ್ಲಿ ಅಜ್ಜಿಯ ವರ್ಷದ ತಿಥಿ. ಅವರ ಅಮ್ಮ ಫೋನ್ ಮಾಡಿ ನಾಲ್ವರೂ ಬರಬೇಕು ಅಂದಿದ್ದಾರೆ. ಈ ಸಲ ಅಟೆಂಡೆನ್ಸ್ ಬಗ್ಗೆ ಯಾರೂ ಕೇಳಲಿಲ್ಲ.