ಅಪ್ಪನ ಇಂಗ್ಲಿಷು, ನಿಮ್ಮ ಕನ್ನಡ



ನಿಮ್ಮ ಇಂಗ್ಲಿಷು ನಿಮ್ಮ ತಂದೆತಾಯಿಗಳ ಇಂಗ್ಲಿಷಿಗಿಂತ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಘದ ಕಾರ್ಯಕ್ರಮಗಳಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ನೀವು ನಗುವುದನ್ನು ನಾನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ‘ಪಪ್ಪಾ ಮತ್ತೆ ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್ ಅಂದ್ರು!’ ಎಂದು ಒಬ್ಬರು ಪಿಸುಗುಟ್ಟುವುದು, ಉಳಿದವರು ಬಾಯಿಗೆ ಕೈ ಅಡ್ಡ ಹಿಡಿಯುವುದು. ಮುಂದೆ ಕುಳಿತ ಪಪ್ಪನಿಗೆ ಅದು ಕೇಳಿಸುವುದಿಲ್ಲ ಎಂದು ನೀವು ತಿಳಿದಿದ್ದೀರಿ. ಕೇಳಿಸುತ್ತದೆ ಮಕ್ಕಳೇ. ಆಮೇಲೆ ಸೊಸೈಟಿಯ ಮೀಟಿಂಗಿನಲ್ಲಿ ಅವರು ಎದ್ದು ನಿಂತು ಮಾತನಾಡುವುದನ್ನೇ ಬಿಟ್ಟುಬಿಡುತ್ತಾರೆ. ನೀರಿನ ಟ್ಯಾಂಕಿನ ಲೆಕ್ಕ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದರೂ ಸುಮ್ಮನೆ ಕುಳಿತು ಬರುತ್ತಾರೆ.

ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳೆಂಬ ಸಲಿಗೆಯಿಂದ ಈ ವಿಷಯದಲ್ಲಿ ನಾಲ್ಕು ಮಾತು ಹೇಳುತ್ತೇನೆ. ತಪ್ಪನ್ನು ಸರಿ ಎಂದು ನಾನು ವಾದಿಸುವುದಿಲ್ಲ. ತಪ್ಪು ತಪ್ಪೇ. ಆದರೆ ಅದು ಎಲ್ಲಿಂದ ಬಂತು ಎಂದು ಗೊತ್ತಾದರೆ ತಿದ್ದುವುದು ಸುಲಭ, ನಗುವುದು ಸ್ವಲ್ಪ ಕಷ್ಟ.

ಇಂಗ್ಲಿಷಿನಲ್ಲಿ ಕೆಲವು ಕ್ರಿಯಾಪದಗಳಿಗೆ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ನೋ, ಲೈಕ್, ವಾಂಟ್, ಅಂಡರ್‌ಸ್ಟ್ಯಾಂಡ್, ರಿಮೆಂಬರ್, ಒಡೆತನ ಅಥವಾ ಸಂಬಂಧ ಹೇಳುವ ಹ್ಯಾವ್. ನಮ್ಮ ಕಾಲದಲ್ಲಿ ಇದನ್ನು ‘ರೆನ್ ಅಂಡ್ ಮಾರ್ಟಿನ್’ ವ್ಯಾಕರಣ ಪುಸ್ತಕದಿಂದ ಪಟ್ಟಿ ಮಾಡಿ ಬಾಯಿಪಾಠ ಮಾಡುತ್ತಿದ್ದೆವು. (ಆ ರೆನ್ ಸಾಹೇಬರು ಹಿಂದಿನ ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯಲ್ಲಿ ದುಡಿದವರು, 1924ರಲ್ಲಿ ‘ಬೋ ಜೆಸ್ಟ್’ ಎಂಬ ಸಾಹಸದ ಕಾದಂಬರಿ ಬರೆದವರೂ ಅವರೇ.) ಪಟ್ಟಿ ಬೇಡ. ಕನ್ನಡದಲ್ಲಿ ಹೇಳಿ ನೋಡಿ: ನನಗೆ ಗೊತ್ತು, ನನಗೆ ಇಷ್ಟ, ನನಗೆ ಬೇಕು, ನನಗೆ ಅರ್ಥವಾಯಿತು, ನನಗೆ ನೆನಪಿದೆ, ನನಗೆ ಇಬ್ಬರು ಅಣ್ಣಂದಿರು. ಎಲ್ಲೆಲ್ಲಿ ಕನ್ನಡ ‘ನಾನು’ ಬಿಟ್ಟು ‘ನನಗೆ’ ಎನ್ನುತ್ತದೋ ಅಲ್ಲೆಲ್ಲ ಇಂಗ್ಲಿಷು ಹೆಚ್ಚಾಗಿ ‘ಇಂಗ್’ ಬಿಡುತ್ತದೆ. ಮನೆಯಲ್ಲಿ ತುಳು ಮಾತನಾಡುವವರು ‘ಎಂಕ್ ಗೊತ್ತುಂಡು, ಎಂಕ್ ಬೋಡು’ ಎಂದು ಹೇಳಿಕೊಂಡರೂ ಇದೇ ಉತ್ತರ ಬರುತ್ತದೆ.

ಇನ್ನೂ ಸ್ವಾರಸ್ಯ ಬೇಕಾದರೆ ಕಣ್ಣು ಕಿವಿಗಳ ಕೆಲಸ ನೋಡಿ. ‘ನಾನು ನೋಡುತ್ತಿದ್ದೇನೆ’ ಎಂದರೆ ಐ ಆಮ್ ಲುಕಿಂಗ್. ‘ನನಗೆ ಕಾಣುತ್ತದೆ’ ಎಂದರೆ ಐ ಸೀ. ‘ನಾನು ಕೇಳುತ್ತಿದ್ದೇನೆ’ ಎಂದರೆ ಐ ಆಮ್ ಲಿಸನಿಂಗ್. ‘ನನಗೆ ಕೇಳಿಸುತ್ತದೆ’ ಎಂದರೆ ಐ ಹಿಯರ್. ನಾವಾಗಿ ಮಾಡುವುದು ಒಂದು, ನಮಗೆ ತಾನಾಗಿ ಆಗುವುದು ಇನ್ನೊಂದು. ಈ ಭೇದ ನಿಮ್ಮ ಅಜ್ಜಿಗೂ ಗೊತ್ತಿದೆ, ಆಕೆ ಇಂಗ್ಲಿಷಿನ ಒಂದಕ್ಷರ ಓದದಿದ್ದರೂ. ಈ ಸೂತ್ರ ನೂರಕ್ಕೆ ನೂರು ನಡೆಯುವುದಿಲ್ಲ. ‘ನಾನು ನಂಬುತ್ತೇನೆ’ ಎನ್ನುವಲ್ಲಿ ‘ನನಗೆ’ ಇಲ್ಲ, ಆದರೂ ಐ ಆಮ್ ಬಿಲೀವಿಂಗ್ ಎನ್ನಬಾರದು. ವ್ಯಾಕರಣದ ಯಾವ ಸೂತ್ರಕ್ಕೆ ತೂತಿಲ್ಲ ಹೇಳಿ!

‘ಇಂಗ್’ ಮಾತು ಬಂದಾಗ ನಮ್ಮ ಮುಂಬಯಿಯ ಕವಿ ನಿಸ್ಸಿಂ ಎಜೆಕಿಯಲ್ (1924–2004) ನೆನಪಾಗುತ್ತಾರೆ. ಅವರ ‘ಗುಡ್‌ಬೈ ಪಾರ್ಟಿ ಫಾರ್ ಮಿಸ್ ಪುಷ್ಪಾ ಟಿ.ಎಸ್.’ ಕವಿತೆಯನ್ನು ನಿಮ್ಮಲ್ಲಿ ಕೆಲವರು ಕಾಲೇಜಿನಲ್ಲಿ ಓದಿರಬಹುದು. ಬೀಳ್ಕೊಡುಗೆಯ ಭಾಷಣವೊಂದನ್ನು ‘ಇಂಗ್’ಗಳಲ್ಲೇ ಹೊಸೆದಿದ್ದಾರೆ. ಅದು ಗೇಲಿಯೋ ಪ್ರೀತಿಯೋ ಎಂದು ಓದುಗರು ಇಂದಿಗೂ ವಾದಿಸುತ್ತಾರೆ. ನನಗೆ ಮಾತ್ರ ಆ ‘ಟಿ.ಎಸ್.’ ಚುಚ್ಚುತ್ತದೆ. ಹೆಸರಿನ ಹಿಂದೆ ಇನಿಷಿಯಲ್ ಅಂಟಿಸಿಕೊಳ್ಳುವವರು ನಾವು, ದಕ್ಷಿಣದವರು. ಆ ಪುಷ್ಪಾ ನಮ್ಮವಳೇ ಇರಬೇಕು.

ಈಗ ಪ್ರಿಪೊಸಿಷನ್‌ಗಳಿಗೆ ಬರೋಣ. ಇಂಗ್ಲಿಷಿನಲ್ಲಿ ಅವು ನಾಮಪದದ ಮುಂದೆ ನಿಲ್ಲುತ್ತವೆ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ಹಿಂದೆ ಬಂದು ಅಂಟುತ್ತದೆ. ಜಾಗ ಬದಲಾದದ್ದು ತೊಡಕಲ್ಲ, ಲೆಕ್ಕ ತಪ್ಪುವುದು ತೊಡಕು. ನಮ್ಮ ಒಂದು ‘ಅಲ್ಲಿ’ ಅವರ ಇನ್, ಆನ್, ಅಟ್ ಮೂರರ ಕೆಲಸ ಮಾಡುತ್ತದೆ. ಮುಂಬಯಿಯಲ್ಲಿ, ಲೋಕಲಿನಲ್ಲಿ, ದಾದರಿನಲ್ಲಿ: ಇನ್ ಮುಂಬಯಿ, ಆನ್ ದ ಟ್ರೇನ್, ಅಟ್ ದಾದರ್. ಇದಕ್ಕೆ ನಾನು ಪಕ್ಕದ ಮನೆಯ ಮಕ್ಕಳಿಗೆ ಹೇಳಿಕೊಡುವ ಉಪಾಯ ಇಷ್ಟೇ. ಒಳಗೆ ಎದ್ದು ನಡೆದಾಡಬಹುದಾದ ವಾಹನಕ್ಕೆ ಆನ್, ತಲೆ ತಗ್ಗಿಸಿ ನುಸುಳಿ ಕೂರಬೇಕಾದುದಕ್ಕೆ ಇನ್. ಬೆಸ್ಟ್ ಬಸ್ಸಿಗೆ ಆನ್, ಟ್ಯಾಕ್ಸಿಗೆ ಇನ್, ಮಾಹಿಮ್-ಸಾಯನ್ ದಾಟಿ ದಕ್ಷಿಣಕ್ಕೆ ಬಾರದ ನಮ್ಮ ರಿಕ್ಷಾಕ್ಕೂ ಇನ್. ಬೆಳಿಗ್ಗೆ ಎಂಟೂವರೆಯ ವಿರಾರ್ ಫಾಸ್ಟಿನಲ್ಲಿ ನಡೆದಾಡುವುದಿರಲಿ, ಕಾಲೂರಲೂ ಜಾಗವಿಲ್ಲ, ಆದರೂ ಆನ್!

ನಿಮ್ಮಮ್ಮ ‘ಹೀ ಈಸ್ ಆಂಗ್ರಿ ಆನ್ ಮೀ’ ಎಂದರೆ ‘ನನ್ನ ಮೇಲೆ ಸಿಟ್ಟು’ ಎಂಬುದರ ‘ಮೇಲೆ’ ಅಲ್ಲಿ ಕುಳಿತಿದೆ. ‘ಮ್ಯಾರೀಡ್ ವಿತ್’ ಎಂದರೆ ‘ಜೊತೆ’ ಬಂದಿದೆ. ಇಂಗ್ಲಿಷಿಗೆ ಅಲ್ಲಿ ಟು ಬೇಕು. ‘ಡಿಸ್ಕಸ್ ಅಬೌಟ್’ ಎಂಬುದರಲ್ಲಿ ‘ಬಗ್ಗೆ’ ಇದೆ. ‘ವಿಷಯವನ್ನು ಚರ್ಚಿಸಿದೆವು’ ಎಂಬ ಅಚ್ಚುಕಟ್ಟಾದ ಕನ್ನಡವನ್ನು ನೆನೆದರೆ ಅಬೌಟ್ ತಾನೇ ಉದುರಿಹೋಗುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ವಾಕ್ಯ ಇದು: ‘ಐ ಆಮ್ ಸ್ಟೇಯಿಂಗ್ ಇನ್ ಮುಲುಂಡ್ ಸಿನ್ಸ್ ಟ್ವೆಂಟಿ ಇಯರ್ಸ್.’ ಇಲ್ಲಿ ಕ್ರಿಯಾಪದವೂ ಪ್ರಿಪೊಸಿಷನ್ನೂ ಒಟ್ಟಿಗೆ ಜಾರಿವೆ. ಕನ್ನಡದ ‘ಇಂದ’ ಎರಡಕ್ಕೂ ಆಗುತ್ತದೆ, 2004ರಿಂದ ಎನ್ನಿ, ಇಪ್ಪತ್ತು ವರ್ಷದಿಂದ ಎನ್ನಿ. ಇಂಗ್ಲಿಷಿನಲ್ಲಿ ಶುರುವಾದ ದಿನಕ್ಕೆ ಸಿನ್ಸ್, ಕಳೆದ ಅವಧಿಗೆ ಫಾರ್. ಮತ್ತೆ, ನಾವು ‘ಇದ್ದೇನೆ’ ಎಂದು ವರ್ತಮಾನದಲ್ಲಿ ಹೇಳಿ ಮುಗಿಸುವಲ್ಲಿ ಅವರಿಗೆ ‘ಹ್ಯಾವ್ ಬೀನ್ ಲಿವಿಂಗ್’ ಬೇಕು. ಹಿಂದಿ ಮರಾಠಿಗಳಲ್ಲೂ ನಮ್ಮ ರೀತಿಯೇ, ಆದ್ದರಿಂದ ಪಕ್ಕದವರ ಬಾಯಿಂದ ತಿದ್ದಿಕೊಳ್ಳುವ ಅವಕಾಶವೂ ಇಲ್ಲ. ಜರ್ಮನ್ನರೂ ಇಂಥಲ್ಲಿ ವರ್ತಮಾನವನ್ನೇ ಬಳಸುತ್ತಾರೆ. ಇಂಗ್ಲಿಷ್ ಕಲಿಯುವಾಗ ಅವರೂ ಇಲ್ಲೇ ಎಡವುತ್ತಾರೆ. ಸಂದರ್ಶನಕ್ಕೆ ಹೊರಟವರು ಈ ಒಂದು ವಾಕ್ಯವನ್ನು ಸರಿಮಾಡಿಕೊಂಡು ಹೋಗಿ. ಅನುಭವ ಎಷ್ಟು ವರ್ಷ ಎಂದು ಕೇಳದೆ ಯಾರೂ ಬಿಡುವುದಿಲ್ಲ.

ನಿಮ್ಮ ಅಪ್ಪ ಹದಿಹರೆಯದಲ್ಲಿ ಊರು ಬಿಟ್ಟು ಬಂದವರಾಗಿದ್ದರೆ, ಹಗಲು ಹೋಟೆಲಿನಲ್ಲಿ ದುಡಿದು ಸಂಜೆ ರಾತ್ರಿಶಾಲೆಯಲ್ಲಿ ಓದಿದವರಾಗಿದ್ದರೆ, ಈ ಎಲ್ಲವನ್ನೂ ಅವರಿಗೆ ಬಿಡಿಸಿ ಹೇಳುವ ಪುರುಸೊತ್ತು ಯಾರಿಗಿತ್ತು? ಅವರು ಕನ್ನಡವನ್ನೇ ಮೆಟ್ಟಿಲು ಮಾಡಿಕೊಂಡು ಹತ್ತಿದರು. ಆ ಇಂಗ್ಲಿಷಿನಲ್ಲೇ ನಿಮ್ಮ ಶಾಲೆಯ ಅರ್ಜಿ ತುಂಬಿದರು, ಬ್ಯಾಂಕಿನ ಸಾಲಕ್ಕೆ ಪತ್ರ ಬರೆದರು.

ಇನ್ನು ನಿಮ್ಮ ಕನ್ನಡ. ‘ನಾಯಿಯಿಂದ ಹೆದರಿಕೆ ಆಗ್ತದೆ’ ಎನ್ನುತ್ತೀರಿ. ಹಿಂದಿಯ ‘ಸೇ’ ಅಲ್ಲಿ ‘ಇಂದ’ವಾಗಿ ನುಸುಳಿದೆ. ಕನ್ನಡದಲ್ಲಿ ನಾಯಿಗೆ ಹೆದರುತ್ತೇವೆ. ಹೀಗೆ ಒಂದು ವಿಭಕ್ತಿಯ ಜಾಗಕ್ಕೆ ಇನ್ನೊಂದು ಬರುವುದನ್ನು ನಮ್ಮ ವ್ಯಾಕರಣಕಾರರು ವಿಭಕ್ತಿ ಪಲ್ಲಟ ಎಂದು ಕರೆದಿದ್ದಾರೆ. ‘ಎರಡು ಅಣ್ಣ’ ಎನ್ನುತ್ತೀರಿ, ಇಬ್ಬರು ಎನ್ನಬೇಕು. ಇಂಗ್ಲಿಷ್ ಕ್ರಿಯಾಪದ ಒಂದು ‘ಎಸ್’ ಹಚ್ಚಿಸಿಕೊಂಡು ಸುಮ್ಮನಾಗುತ್ತದೆ. ನಮ್ಮದು ಬಂದನು, ಬಂದಳು, ಬಂತು, ಬಂದರು ಎಂದು ಆಳು ನೋಡಿ ವೇಷ ಬದಲಿಸುತ್ತದೆ. ಅಲ್ಲೇ ನೀವು ಸಿಕ್ಕಿಬೀಳುವುದು.

ನಮ್ಮ ಕಟ್ಟಡದ ಹುಡುಗನೊಬ್ಬ, ಓದುವುದು ಇಂಜಿನಿಯರಿಂಗ್, ಮೊನ್ನೆ ಫೋನಿನಲ್ಲಿ ಊರಿನ ಅಜ್ಜಿಯನ್ನು ಕೇಳುತ್ತಿದ್ದ: ‘ಅಜ್ಜೀ, ನೀವು ಯಾವಾಗ ಬರ್ತದೆ?’ ಫೋನು ಸ್ಪೀಕರಿನಲ್ಲಿತ್ತು. ಅಜ್ಜಿ ನಗಲಿಲ್ಲ. ‘ನಾಡಿದ್ದು ಮತ್ಸ್ಯಗಂಧಾದಲ್ಲಿ ಬರ್ತೇನೆ ಮಗಾ, ಥಾಣೆಗೆ ಬಾ, ಸಾಮಾನು ಇಳಿಸ್ಲಿಕ್ಕೆ ಉಂಟು’ ಎಂದರು.