ಕೆಂಗೇರಿಯ 'ಕೆ'

ನಮ್ಮ ತಮ್ಮನ ಮಗನು ಉದ್ಯೋಗನಿಮಿತ್ತವಾಗಿ ನೆದರ್ಲೆಂಡ್ಸ್ ದೇಶದಲ್ಲಿ ನೆಲಸಿರುವನು. ಕಳೆದ ವರ್ಷ ಅವನಿಗೆ ಗಂಡುಮಗು ಹುಟ್ಟಿತು. ಆ ಸಂತೋಷದ ವಾರ್ತೆಯೊಡನೆಯೇ ಅವನು ಒಂದು ಪ್ರಶ್ನೆಯನ್ನೂ ಬರೆದು ಕಳುಹಿಸಿದ್ದನು. "ದೊಡ್ಡಪ್ಪ, ಇಲ್ಲಿಯ ಕಚೇರಿಯಲ್ಲಿ ಮಗುವಿನ ಮನೆತನದ ಹೆಸರೇನೆಂದು ಕೇಳುತ್ತಾರೆ. ನನ್ನ ಹೆಸರಿಗೆ ಮೊದಲು ಎರಡು ಅಕ್ಷರಗಳಿವೆಯೇ ಹೊರತು ಕೊನೆಯಲ್ಲಿ ಏನೂ ಇಲ್ಲ. ಮೊದಲನೆಯ 'ಕೆ' ಎಂದರೆ ಕೆಂಗೇರಿ ಎಂದು ಅಪ್ಪ ಹೇಳುತ್ತಿದ್ದರು. ಅದು ನಿಜವಾಗಿಯೂ ನಮ್ಮ ಮೂಲದ ಊರೇ? ಎಂಜಲನ್ನು ಕೊಳವೆಯಲ್ಲಿ ತುಂಬಿ ಕಳುಹಿಸಿದರೆ ವಂಶದ ಮೂಲವನ್ನು ತಿಳಿಸುವ ಕಂಪೆನಿಗಳಿವೆ. ಪರೀಕ್ಷೆ ಮಾಡಿಸಲೇ?"

ಪತ್ರವನ್ನು ಓದಿ ನಮಗೆ ನಾಚಿಕೆಯಾಯಿತು. ರಾಜಾಜಿನಗರದಲ್ಲಿ ನಾವು ಮನೆ ಮಾಡಿ ನಲವತ್ತು ವರ್ಷಗಳಾದುವು. ಕೆಂಗೇರಿಯು ಇಲ್ಲಿಂದ ಮೂರು ಹರಿದಾರಿಯ ಒಳಗೇ ಇರುವುದು. ಸಾವಿರ ಸಲ ರುಜು ಹಾಕುವಾಗ ಆ 'ಕೆ'ಯನ್ನು ಬರೆದಿದ್ದೇವೆ. ಅದರ ಬೆನ್ನು ಹಿಡಿದು ಒಂದು ದಿನವಾದರೂ ಹೋಗಿರಲಿಲ್ಲ. ನಮ್ಮ ತಂದೆಯವರ ಚಿಕ್ಕಪ್ಪನ ಮಗಳು, ತೊಂಬತ್ತು ವರ್ಷ ದಾಟಿದ ಅತ್ತೆಯವರು, ಇನ್ನೂ ಆ ಊರಿನಲ್ಲಿಯೇ ಇರುವರು. ಮದುವೆ ಮುಂಜಿಗಳಲ್ಲಿ ಅವರ ಕಾಲಿಗೆ ನಮಸ್ಕರಿಸಿದ್ದುಂಟೇ ಹೊರತು ಕುಳಿತು ಮಾತನಾಡಿದ್ದಿಲ್ಲ. ಆದುದರಿಂದ ಒಂದು ಭಾನುವಾರ ಬೆಳಗ್ಗೆ ನಾವೂ ನಮ್ಮ ಮನೆಯಾಕೆಯೂ ಹೊರಟೆವು.

ಹೆಸರಿನ ಯೋಚನೆಯು ತಲೆಗೆ ಹೊಕ್ಕ ಮೇಲೆ ಬೀದಿಯ ಪ್ರತಿಯೊಂದು ಫಲಕವೂ ಮಾತನಾಡತೊಡಗುವುದು. ಬಸವೇಶ್ವರನಗರದ ಕಡೆಗೆ ಗಾಳಿಸಂಚಾರಕ್ಕೆ ಹೋದಾಗ ಗೇಟುಗಳ ಮೇಲೆ ಹಿರೇಮಠ, ಪಾಟೀಲ, ಹೊಸಮನಿ, ಅಂಗಡಿ, ಬಡಿಗೇರ ಎಂಬ ಹೆಸರುಗಳನ್ನು ಕಾಣುವೆವು. ಇವರ ಹಿರಿಯರು ಉತ್ತರ ಕರ್ನಾಟಕದವರೆಂದು ಕೇಳದೆಯೇ ತಿಳಿಯುವುದು. ಅಲ್ಲಿ ಅಡ್ಡಹೆಸರು ಮನೆಗೆ ಅಂಟಿಕೊಂಡು ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು. ಪಕ್ಕದ ಗೇಟಿನಲ್ಲಿ ಪೈ, ಕಾರಂತ, ರೈ ಎಂದಿದ್ದರೆ ಕರಾವಳಿಯ ನೆನಪಾಗುವುದು. ನಮ್ಮ ಹಳೆಯ ಮೈಸೂರಿನವರಿಗಾದರೋ ಬರಿಯ ಅಕ್ಷರಗಳು: ಒಂದು ಊರಿಗೆ, ಒಂದು ತಂದೆಗೆ. ಮಗನ ಕಾಲಕ್ಕೆ ತಂದೆಯ ಅಕ್ಷರವು ಬದಲಾಗುವುದು. ಊರಿನ ಅಕ್ಷರವು ಉಳಿದರೆ ಉಳಿಯಿತು, ಹೋದರೆ ಹೋಯಿತು. ಇನ್ನು ನಮ್ಮ ಬಡಾವಣೆಯ ನಡುವೆ ಹಾದುಹೋಗುವ ಡಾ. ರಾಜಕುಮಾರ್ ರಸ್ತೆಯನ್ನು ನೋಡಿರಿ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗನಾದ ಮುತ್ತುರಾಜರಿಗೆ ಚಲನಚಿತ್ರವು ಕೊಟ್ಟ ಹೆಸರು ಅದು; ಅವರ ಮಕ್ಕಳ ಕಾಲಕ್ಕೆ ಅದೇ ಮನೆತನದ ಹೆಸರಾಗಿ ನಿಂತಿತು. ಮನೆತನದ ಹೆಸರು ಹುಟ್ಟಲು ಶತಮಾನಗಳೇ ಬೇಕೆಂಬುದೇನೂ ಇಲ್ಲ.

ರಾಜಾಜಿನಗರದಲ್ಲಿ ಮೆಟ್ರೋ ಬಂಡಿಯನ್ನು ಹತ್ತಿದೆವು. ಮುಂದಿನ ನಿಲ್ದಾಣವೇ ಮಹಾಕವಿ ಕುವೆಂಪು ರಸ್ತೆ. 'ಕು' ಎಂದರೆ ಕುಪ್ಪಳಿ, 'ವೆಂ' ಎಂದರೆ ವೆಂಕಟಪ್ಪ, 'ಪು' ಎಂದರೆ ಪುಟ್ಟಪ್ಪ. ಊರು, ತಂದೆ, ಮಗ ಮೂವರೂ ಮೂರು ಅಕ್ಷರಗಳಲ್ಲಿ ಕುಳಿತಿರುವರು. ಮೆಜೆಸ್ಟಿಕ್ಕಿನಲ್ಲಿ ಬಂಡಿ ಬದಲಾಯಿಸಿ ಪಶ್ಚಿಮಕ್ಕೆ ತಿರುಗಿದೆವು. ಅದೇ ಮಾರ್ಗದ ಪೂರ್ವಭಾಗದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ನಿಲ್ದಾಣವಿದೆ. ಅವರು ಹುಟ್ಟಿದುದು ಮುದ್ದೇನಹಳ್ಳಿಯಲ್ಲಿ. ಆದರೆ ಅವರ 'ಎಂ' ಮುದ್ದೇನಹಳ್ಳಿಯದಲ್ಲ. ಹಿರಿಯರು ಎಂದೋ ಬಿಟ್ಟುಬಂದ, ಇಂದಿನ ಆಂಧ್ರಪ್ರದೇಶದಲ್ಲಿರುವ ಮೋಕ್ಷಗುಂಡಂ ಎಂಬ ಗ್ರಾಮದ್ದು. ನಾಡು ಬದಲಾದರೂ ಊರಿನ ಹೆಸರು ಮಾತ್ರ ಹೆಗಲಿನಿಂದ ಇಳಿಯಲಿಲ್ಲ.

ತಮ್ಮನ ಮಗನಿರುವ ದೇಶದಲ್ಲಿಯೂ ಒಂದು ಕಾಲಕ್ಕೆ ನಮ್ಮಂತೆಯೇ ನಡೆಯುತ್ತಿದ್ದಿತೆಂದು ಪತ್ರ ಬಂದ ಮೇಲೆ ನಾವು ಓದಿ ತಿಳಿದೆವು. ಯಾನ್ ಎಂಬವನ ಮಗ ಪೀಟರ್ ಆದರೆ ಅವನು 'ಪೀಟರ್ ಯಾನ್ಸ್'. ಅವನ ಮಗ ಮತ್ತೆ ಯಾನ್ ಆದರೆ 'ಯಾನ್ ಪೀಟರ್ಸ್'. ಪಟ್ಟಣಗಳಲ್ಲಿಯೂ ದಕ್ಷಿಣದಲ್ಲಿಯೂ ಸ್ಥಿರವಾದ ಹೆಸರುಗಳು ಮೊದಲೇ ಬಂದಿದ್ದುವು. ಉತ್ತರದ ಮತ್ತು ಪೂರ್ವದ ಹಳ್ಳಿಗಾಡಿನಲ್ಲಿ ಅನೇಕರಿಗೆ ಇರಲಿಲ್ಲ. 1810ರಲ್ಲಿ ನೆಪೋಲಿಯನ್ ಚಕ್ರವರ್ತಿಯು ಆ ದೇಶವನ್ನು ಫ್ರಾನ್ಸಿಗೆ ಸೇರಿಸಿಕೊಂಡನು. 1811ರ ಆಗಸ್ಟಿನಲ್ಲಿ ಪ್ರತಿಯೊಬ್ಬನೂ ಒಂದು ಮನೆತನದ ಹೆಸರನ್ನು ದಾಖಲೆ ಮಾಡಿಸಬೇಕೆಂದು ಆಜ್ಞೆ ಹೊರಡಿಸಿದನು. ಹೀಗೆ ನಿಂತ ಹೆಸರುಗಳನ್ನು ಕನ್ನಡಕ್ಕೆ ತಿರುಗಿಸಿದರೆ ಧಾರವಾಡದ ಬೀದಿಯಲ್ಲಿ ನಡೆದಂತಾಗುವುದು. ಸ್ಮಿಟ್ ಎಂದರೆ ಕಮ್ಮಾರ; ಟಿಮ್ಮರ್‌ಮನ್ ಎಂದರೆ ಬಡಿಗೇರ; ನ್ಯೂವೆನ್‌ಹೌಸ್ ಎಂದರೆ ಸಾಕ್ಷಾತ್ ಹೊಸಮನಿ! ವಾನ್ ಡೆನ್ ಬರ್ಗ್ ಎಂದರೆ 'ಗುಡ್ಡದ' ಎಂದು. ಯೂರೋಪಿನಲ್ಲಿರುವ ಆ ದೇಶದ ಭಾಗದಲ್ಲಿ ಅತಿ ಎತ್ತರದ ದಿಣ್ಣೆಯೇ 322 ಮೀಟರು. ಸುಮಾರು 900 ಮೀಟರು ಎತ್ತರದಲ್ಲಿ ಮನೆ ಕಟ್ಟಿಕೊಂಡಿರುವ ಬೆಂಗಳೂರಿನವರಿಗೆ ನಗು ಬಂದೀತು. ಆದರೆ ಬಯಲಿನಲ್ಲಿ ಬಾಳುವವನಿಗೆ ಸಣ್ಣ ದಿಬ್ಬವೂ ಗುರುತೇ ಅಲ್ಲವೆ?

ಹೆಸರಿನ ಅರ್ಥವನ್ನು ಕಿವಿಗೆ ಕೇಳಿದಂತೆ ಹೇಳುವುದು ಅಪಾಯಕರ. ಡಚ್ಚರಲ್ಲಿ ನಾಕ್ಟ್‌ಗೆಬೋರೆನ್ ಎಂಬ ಹೆಸರುಂಟು. ಕೇಳಿದರೆ 'ಬತ್ತಲೆ ಹುಟ್ಟಿದವನು' ಎಂದಾಗುವುದು. ನೆಪೋಲಿಯನ್ನನ ಅಧಿಕಾರಿಗಳನ್ನು ಗೇಲಿ ಮಾಡಲು ಯಾರೋ ಹೀಗೆ ಬರೆಯಿಸಿದರೆಂದು ಕಥೆ ಹೇಳುವರು. ಆದರೆ ಆ ಹೆಸರು ಅದಕ್ಕಿಂತ ಹಳೆಯದು. ತಂದೆ ತೀರಿಕೊಂಡ ಬಳಿಕ ಹುಟ್ಟಿದ ಮಗುವೆಂಬುದೇ ಅದರ ಮೂಲಾರ್ಥವೆಂದು ವಿದ್ವಾಂಸರ ಅಭಿಪ್ರಾಯ. ನಗೆಯ ಕಥೆಯ ಹಿಂದೆ ಒಂದು ತಬ್ಬಲಿ ಮಗು ನಿಂತಿರುವುದು. ಈ ಮಾತು ಆ ದಿನವೇ ನಮಗೆ ಎಷ್ಟು ಹತ್ತಿರವಾಗುವುದೆಂದು ಬಂಡಿಯಲ್ಲಿ ಕುಳಿತಾಗ ನಾವು ಅರಿತಿರಲಿಲ್ಲ.

ಹೊಸಹಳ್ಳಿ, ವಿಜಯನಗರ, ಅತ್ತಿಗುಪ್ಪೆ ಒಂದೊಂದಾಗಿ ಹಿಂದೆ ಸರಿದುವು. ಹಂಪೆಯ ಸಾಮ್ರಾಜ್ಯದ ಹೆಸರನ್ನು ಹೊತ್ತ ಬಡಾವಣೆಯ ನಡುವೆ ಹೊಸಹಳ್ಳಿ, ಮಾರೇನಹಳ್ಳಿಗಳೆಂಬ ಹಳೆಯ ಗ್ರಾಮಗಳು ಅಡಗಿ ಕುಳಿತಿವೆ. ನಮ್ಮ ರಾಜಾಜಿನಗರದೊಳಗೂ ಕೇತಮಾರನಹಳ್ಳಿ ಇರುವುದು. ಕೇತ, ಮಾರ ಎಂಬ ಹಳೆಯ ಹೆಸರುಗಳು ಅದರಲ್ಲಿ ಇನ್ನೂ ಕೇಳಿಸುವುವು. ಮೈಸೂರು ರಸ್ತೆಯನ್ನು ಸೇರಿದ ಮೇಲೆ ವೃಷಭಾವತಿಯು ಜೊತೆಗೂಡಿತು. ನದಿಯ ಹೆಸರು ಮಾತ್ರ ಶುದ್ಧವಾಗಿ ಉಳಿದಿದೆ, ನೀರು ಉಳಿದಿಲ್ಲ.

ಕೆಂಗೇರಿಯ ಹೊಸ ಕಟ್ಟಡಗಳನ್ನು ದಾಟಿ ಹಳೆಯ ಬೀದಿಗೆ ಬಂದು, ಒಂದು ಅಂಗಡಿಯಲ್ಲಿ "ಕೆಂಗೇರಿಯವರ ಮನೆ ಯಾವುದು?" ಎಂದು ವಿಚಾರಿಸಿದೆವು. ಅಂಗಡಿಯವರು ನಕ್ಕು, "ಇಲ್ಲಿರೋರೆಲ್ಲ ಕೆಂಗೇರಿಯೋರೇ ಅಲ್ವೇ ಸ್ವಾಮಿ?" ಎಂದರು. ನಾವೂ ನಕ್ಕೆವು, ಆದರೆ ಆ ಮಾತು ಮನಸ್ಸಿನಲ್ಲಿ ನಾಟಿತು. ಕೆಂಗೇರಿಯಲ್ಲಿ ಯಾರಿಗೂ ಕೆಂಗೇರಿ ಎಂಬ ಹೆಸರಿಲ್ಲ. ಬೆಂಗಳೂರಿನ ಹಳೆಯ ಪೇಟೆಯ ಕೋಟೆಗೆ ಕೆಂಗೇರಿ ಬಾಗಿಲಿದ್ದಿತೇ ಹೊರತು ಕೆಂಗೇರಿಗೆ ಕೆಂಗೇರಿ ಬಾಗಿಲು ಏಕೆ ಬೇಕು? ಊರನ್ನು ಬಿಟ್ಟವನಿಗೇ ಊರಿನ ಹೆಸರು ದೊರೆಯುವುದು. ಡಚ್ಚರ 'ಡೆ ಫ್ರೀಸ್' ಎಂಬ ಹೆಸರೂ ಫ್ರೀಸ್‌ಲೆಂಡಿನಿಂದ ಬಂದವನನ್ನು ಹೊರಗಿನವರು ಗುರುತಿಸಿದ ರೀತಿಯೇ.

ಅತ್ತೆಯವರು ಜಗಲಿಯ ಬಿಸಿಲಿನಲ್ಲಿ ಕುಳಿತಿದ್ದರು. ಕಾಫಿಯಾದ ಮೇಲೆ ನಾವು ಬಂದ ಕಾರಣವನ್ನು ಹೇಳಿದೆವು.

"ಊರು ಬಿಟ್ಟವರು ನಿಮ್ಮ ತಾತ," ಎಂದರು. "ಪೇಟೆಯ ಸ್ಕೂಲಿನಲ್ಲಿ ಮೇಷ್ಟ್ರಾದರು. ಅದೇ ಹೆಸರಿನವರು ಅಲ್ಲಿ ಇನ್ನೊಬ್ಬರಿದ್ದರಂತೆ. ಅದಕ್ಕೇ ಇವರಿಗೆ ಕೆಂಗೇರಿ ಸೇರಿಸಿದರು."

"ಹಾಗಾದರೆ ನಮ್ಮ ಮೂಲ ಇಲ್ಲಿಯದೇ ಅಲ್ಲವೆ, ಅತ್ತೆ?"

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಮೂಲ ಯಾರು ಕಂಡಿದಾರೆ ಮಗು? ನಮ್ಮ ತಾತ, ಅಂದರೆ ನಿನ್ನ ಮುತ್ತಾತ, ಇಲ್ಲಿ ಹುಟ್ಟಿದವರೇ ಅಲ್ಲ. ಬರದಲ್ಲಿ ಸಿಕ್ಕಿದ ಮಗು ಅವರು. ನನಗೆ ಅವರ ಬಾಯಿಂದಲೇ ಗೊತ್ತು. ದಾರಿಯಲ್ಲಿ ಅಮ್ಮನ ಪಕ್ಕದಲ್ಲಿ ಕೂತಿದ್ದರಂತೆ. ಅಮ್ಮ ಏಳಲಿಲ್ಲ. ಈ ಮನೆಯವರಿಗೆ ಮಕ್ಕಳಿರಲಿಲ್ಲ, ಎತ್ತಿಕೊಂಡು ಬಂದರು. ತನ್ನ ಊರು ಯಾವುದೂಂತ ಹೇಳೋ ವಯಸ್ಸಲ್ಲ ಅದು."

ಇದು 1876ರಿಂದ 1878ರವರೆಗಿನ ಮಹಾಕ್ಷಾಮದ ಮಾತು. ಧಾತು, ಈಶ್ವರ ಸಂವತ್ಸರಗಳ ಬರವೆಂದು ಹಿರಿಯರು ಕರೆಯುತ್ತಿದ್ದುದು ಇದನ್ನೇ. ಮೈಸೂರು ಸೀಮೆಯಲ್ಲಿ 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಜನಸಂಖ್ಯೆಯು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಹಳ್ಳಿಗಳನ್ನು ತೊರೆದ ಜನರು ಗಂಜಿಯನ್ನರಸಿ ಬೆಂಗಳೂರಿನ ಕಡೆಗೆ ನಡೆದರು. ಅನೇಕರು ದಾರಿಯಲ್ಲಿಯೇ ಬಿದ್ದರು. 1882ರಲ್ಲಿ ಮೈಸೂರನ್ನು ಮುಟ್ಟಿದ ರೈಲುಮಾರ್ಗದ ಕೆಲಸಕ್ಕೆ ಬರಪರಿಹಾರಕ್ಕಾಗಿ ಬಂದ ಕೂಲಿಗಳನ್ನು ಹಚ್ಚಿದ್ದರು. ಕೆಂಗೇರಿಯನ್ನು ಹಾದುಹೋಗುವ ಆ ಹಳಿಗಳ ಸದ್ದು ನಮಗೆ ಅತ್ತೆಯವರ ಜಗಲಿಗೂ ಕೇಳಿಸಿತು.

ಈಗ ತಮ್ಮನ ಮಗನ ಎಂಜಲಿನ ಪರೀಕ್ಷೆಯನ್ನು ನೆನೆಯೋಣ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ 'ವೈ' ಎಂಬ ವರ್ಣತಂತುವೊಂದು ಗಂಡಸರ ದೇಹದಲ್ಲಿರುವುದು. ಮನೆತನದ ಹೆಸರೂ ಸಾಮಾನ್ಯವಾಗಿ ಅದೇ ದಾರಿಯಲ್ಲಿ ಇಳಿಯುವುದರಿಂದ ಎರಡನ್ನೂ ಹೋಲಿಸಿ ನೋಡಬಹುದು. 2000ದಲ್ಲಿ ಆಕ್ಸ್‌ಫರ್ಡಿನ ಬ್ರಯನ್ ಸೈಕ್ಸ್ ಎಂಬ ವಿಜ್ಞಾನಿಯು ತನ್ನ ಹೆಸರಿನ 48 ಮಂದಿಯನ್ನು ಪರೀಕ್ಷಿಸಿದಾಗ ಸುಮಾರು ಅರ್ಧ ಮಂದಿಯಲ್ಲಿ ಒಂದೇ ಗುರುತು ಕಂಡಿತು. ನೆದರ್ಲೆಂಡ್ಸಿನ ನೆರೆಯ ಬೆಲ್ಜಿಯಮ್ಮಿನ ಲೂವೆನ್ ವಿಶ್ವವಿದ್ಯಾನಿಲಯದವರು ಹಳೆಯ ವಂಶಾವಳಿಗಳೊಡನೆ ಹೋಲಿಸಿ, ತಲೆಮಾರೊಂದಕ್ಕೆ ನೂರರಲ್ಲಿ ಒಂದೆರಡು ಕಡೆ ಹೆಸರಿನ ದಾರಿಯೂ ರಕ್ತದ ದಾರಿಯೂ ಅಗಲುವುವೆಂದು ಕಂಡುಕೊಂಡರು. ನಮ್ಮ ಮನೆಗಳಲ್ಲಿ ದತ್ತುಪುತ್ರನು ಹೆಸರನ್ನೂ ಗೋತ್ರವನ್ನೂ ಪಡೆಯುವನು. ಎಂಜಲಿನ ಕೊಳವೆಯು ಅದನ್ನು ಅರಿಯದು. ನಮ್ಮ ಮುತ್ತಾತನು ಯಾವ ಹಳ್ಳಿಯ ಶಿಶುವೋ! ಕೊಳವೆಯು ಬಹು ದೂರದ ದಾಯಾದಿಗಳನ್ನು ತೋರಿಸಿದರೂ ತೋರಿಸೀತು. ದಾರಿಯಲ್ಲಿ ಮಗುವನ್ನು ಎತ್ತಿಕೊಂಡವರನ್ನು ಎಂದಿಗೂ ತೋರಿಸಲಾರದು.

"ಎಲ್ಲವೂ ಗಂಡಸರ ಲೆಕ್ಕವೇ ಆಯಿತಲ್ಲ," ಎಂದರು ನಮ್ಮ ಮನೆಯಾಕೆ, ಹಿಂದಿರುಗುವಾಗ. ನ್ಯಾಯವಾದ ಮಾತು. ತಾಯಿಯಿಂದ ಎಲ್ಲ ಮಕ್ಕಳಿಗೂ ಇಳಿಯುವ ಇನ್ನೊಂದು ಗುರುತೂ ದೇಹದಲ್ಲಿರುವುದು. ಹೆಣ್ಣುಮಕ್ಕಳು ಅದನ್ನು ಮುಂದಕ್ಕೆ ಒಯ್ಯುವರು. ತುಳುನಾಡಿನ ಅಳಿಯಸಂತಾನದ ಮನೆಗಳಲ್ಲಿ ತಾಯಿಯ ಕಡೆಯಿಂದ ಬರುವ 'ಬಳಿ'ಯು ಅದೇ ಜಾಡಿನಲ್ಲಿ ನಡೆಯುವುದು. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮ್ಮ ಒಬ್ಬೊಬ್ಬರಿಗೂ 1,024 ಹಿರಿಯರ ಸ್ಥಾನಗಳು ಲೆಕ್ಕಕ್ಕೆ ಬರುವುವು. ತಂದೆಯಿಂದ ಬಂದ ಹೆಸರು ಅವರಲ್ಲಿ ಒಬ್ಬನದು ಮಾತ್ರ. ಏಳಲಾರದೆ ಹೋದ ಆ ತಾಯಿಯ ಹೆಸರು ಯಾವ ಅಕ್ಷರದಲ್ಲಿಯೂ ಉಳಿಯಲಿಲ್ಲ.

ಆ ರಾತ್ರಿಯೇ ನಾವು ತಮ್ಮನ ಮಗನಿಗೆ ಉತ್ತರ ಬರೆದೆವು. ಅತ್ತೆಯವರು ಹೇಳಿದುದೆಲ್ಲವನ್ನೂ, ಏನನ್ನೂ ಮರೆಮಾಡದೆ, ಬರೆದೆವು. "ಪರೀಕ್ಷೆ ಮಾಡಿಸುವುದೂ ಬಿಡುವುದೂ ನಿನ್ನ ಇಷ್ಟ, ತಿಳಿವಳಿಕೆಯಿಂದ ಕೆಡುಕಿಲ್ಲ. ಆದರೆ ಕಚೇರಿಯ ಪತ್ರದಲ್ಲಿ ಮಗುವಿಗೆ ಕೆಂಗೇರಿ ಎಂದೇ ಬರೆಯಿಸು. ಅದು ನಮ್ಮ ರಕ್ತದ ಊರಲ್ಲದಿರಬಹುದು, ನಮಗೆ ಅನ್ನವಿಟ್ಟ ಊರು. ಮಗುವು ದೊಡ್ಡವನಾಗಿ ಅರ್ಥ ಕೇಳಿದಾಗ ಅಕ್ಷರವನ್ನು ಬಿಡಿಸಿ ಹೇಳು" ಎಂದು ಮುಗಿಸಿದೆವು.

ನಮ್ಮ ವಾಚಕರ ಮನೆಗಳಲ್ಲಿಯೂ ಇಂತಹ ಅಕ್ಷರಗಳಿರುವುವು. ಶಾಲೆಯ ಅರ್ಜಿಯಲ್ಲಿಯೋ ರಹದಾರಿಯಲ್ಲಿಯೋ ಜಾಗ ಸಾಲದೆಂದು ಅವನ್ನು ಬಿಡುವ ಮೊದಲು, ಜಗಲಿಯ ಬಿಸಿಲಿನಲ್ಲಿ ಕುಳಿತಿರುವ ಹಿರಿಯರನ್ನು ಒಮ್ಮೆ ಕೇಳುವುದೊಳ್ಳೆಯದು. ಕೆಂಗೇರಿಗೆ ಹೋಗಿಬರಲು ನಮಗೆ ಒಂದು ಬೆಳಗು ಸಾಕಾಯಿತು; ಹೊರಡಲು ಮಾತ್ರ ನಲವತ್ತು ವರ್ಷಗಳು ಹಿಡಿದುವು.