ಹಳೆಯ ಬಿಳುಪಿಗೆ ಹೊಂದುವ ಬಣ್ಣ

ಬಿಳಿ ಬಣ್ಣವೆಂಬುದು ಎಲ್ಲೆಡೆಯೂ ಒಂದೇ ಎಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ಆದರೆ ಹಳೆಯ ವಾಹನದ ಮೈಮೇಲೆ ಅಂಗೈಯಗಲದ ಬಣ್ಣ ಕಿತ್ತುಹೋದಾಗ, ಅದಕ್ಕೆ ಹೊಂದುವ ಬಿಳುಪನ್ನು ಹುಡುಕುವುದು ಎಷ್ಟು ಸೂಕ್ಷ್ಮವಾದ ಕೆಲಸವೆಂಬುದನ್ನು ನನಗೆ ಕಲಿಸಿದ್ದು ಪಟ್ಟದಕಲ್ಲಿನ ನಮ್ಮ ಮನೆಯ ಅಂಬಾಸಿಡರ್ ಕಾರು.

ಲಿಂಗೈಕ್ಯರಾದ ನಮ್ಮ ಅಣ್ಣನವರು ಅದನ್ನು ಕೊಂಡದ್ದು 1996ರಲ್ಲಿ. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಕಾರಿನ ಮೇಲೆ ಇಂದಿಗೂ ವಿಜಾಪುರದ ಕೆಎ 28 ಸಂಖ್ಯೆಯೇ ಇದೆ. ಕಳೆದ ಕಬ್ಬಿನ ಹಂಗಾಮಿನಲ್ಲಿ ಬಾದಾಮಿ ರಸ್ತೆಯಲ್ಲಿ ಒಂದು ಟ್ರ್ಯಾಕ್ಟರಿನ ಟ್ರೇಲರು ಉಜ್ಜಿಕೊಂಡು ಹೋಗಿ, ಹಿಂದಿನ ಬಾಗಿಲ ಬಣ್ಣ ತಗಡು ಕಾಣುವಂತೆ ಕಿತ್ತುಹೋಯಿತು. ಅಣ್ಣನ ಮಗ ಇಡೀ ಕಾರಿಗೆ ಹೊಸ ಬಣ್ಣ ಹೊಡೆಸೋಣವೆಂದ. ವೈನಿಯವರು ಒಪ್ಪಲಿಲ್ಲ. “ಅವರು ದಿನಾ ತಮ್ಮ ಕೈಲೆ ಒರೆಸಿದ ಬಣ್ಣ ಅದು. ಬಾಗಲದ್ದಷ್ಟ ಮಾಡಸ್ರಿ, ಉಳಿದದ್ದನ್ನ ಮುಟ್ಟಬ್ಯಾಡ್ರಿ” ಎಂದರು. ಅವರ ಈ ಮಾತಿನಿಂದ ಕೆಲಸ ಸಣ್ಣದಾಯಿತು, ಆದರೆ ಕಠಿಣವೂ ಆಯಿತು.

ಹುಡುಗ ಅಂಗಡಿಯಿಂದ ಬಿಳಿ ಬಣ್ಣದ ಸ್ಪ್ರೇ ಡಬ್ಬಿ ತಂದು, ಮೊದಲು ಒಂದು ತಗಡಿನ ಚೂರಿನ ಮೇಲೆ ಹೊಡೆದು ಬಾಗಿಲಿಗೆ ಹಿಡಿದು ನೋಡಿದ. ತಗಡು ಸುಣ್ಣದಂತೆ, ಕಾರು ಬೆಣ್ಣೆಯಂತೆ ಕಂಡವು. ಬಾದಾಮಿಯ ಹಿರಿಯ ಪೇಂಟರರೊಬ್ಬರು ಕಾರಣವನ್ನು ತಿಳಿಸಿದರು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ಬಣ್ಣದ ಪುಡಿಯನ್ನು ಹಿಡಿದಿಟ್ಟ ಅಂಟನ್ನೇ ಸವೆಸುತ್ತವೆ. ಕೆಂಪು ಬೇಗನೆ ಮಾಸುತ್ತದೆ, ಬಿಳಿ ಹಳದಿಗೆ ತಿರುಗುತ್ತದೆ. ಮಾಸುವುದಾದರೂ ಎಲ್ಲೆಡೆ ಸಮನಾಗಿಲ್ಲ. ನೇರ ಬಿಸಿಲು ಬೀಳುವ ಮೇಲ್ಛಾವಣಿ ಮತ್ತು ಬಾನೆಟ್ಟು ಹೆಚ್ಚು ಮಾಸಿರುತ್ತವೆ, ಬಾಗಿಲುಗಳು ಕಡಿಮೆ. ಡಿಕ್ಕಿಯ ಒಳಮೈಯಲ್ಲಿ ಮಾತ್ರ ಮೂಲ ಬಣ್ಣ ಉಳಿದಿರುತ್ತದೆ. ಕಂಪನಿಯ ಬಣ್ಣದ ಸಂಖ್ಯೆ ಹೇಳುವುದು ಕಾರು ಹುಟ್ಟಿದ ದಿನದ ಬಣ್ಣವನ್ನು. ಹೊಂದಿಸಬೇಕಾದದ್ದು ಇಂದಿನ ಬಣ್ಣಕ್ಕೆ, ಅದೂ ಪೆಟ್ಟು ತಿಂದ ಭಾಗದ ಪಕ್ಕದ ಬಣ್ಣಕ್ಕೆ.

ಅವರು ಮೊದಲು ಬಾಗಿಲನ್ನು ತೊಳೆದು, ಕಂಪೌಂಡ್ ಹಚ್ಚಿ ಉಜ್ಜಿದರು. ಹಳೆಯ ಬಣ್ಣದ ಮೇಲಿನ ಸತ್ತ ಪದರು ಹೋಗದೆ ಅದರ ನಿಜವಾದ ಛಾಯೆ ತಿಳಿಯದು. ಬಳಿಕ ಬಿಳಿಗೆ ಹಳದಿಯನ್ನೂ ಕಪ್ಪನ್ನೂ ತೊಟ್ಟು ತೊಟ್ಟಾಗಿ ಬೆರೆಸಿ, ಪ್ರತಿ ಸಲವೂ ತಗಡಿನ ಮೇಲೆ ಹೊಡೆದು, ಪೂರ್ತಿ ಒಣಗಿದ ಮೇಲೆಯೇ ಬಾಗಿಲಿಗೆ ಹಿಡಿದರು. ಹಸಿ ಇದ್ದಾಗಿನ ಬಣ್ಣ ಬೇರೆ, ಒಣಗಿದಾಗಿನದು ಬೇರೆ. ಟ್ಯೂಬ್‌ಲೈಟಿನ ಕೆಳಗೆ ಒಂದಾಗಿ ಕಂಡ ಎರಡು ಬಣ್ಣಗಳು ಬಯಲಿನಲ್ಲಿ ಬೇರೆಯಾಗಬಹುದೆಂದು ಹಗಲಿನ ಬೆಳಕಿನಲ್ಲಿಯೇ ಪರೀಕ್ಷಿಸಿದರು. ನಾಲ್ಕನೆಯ ತಗಡು ಹೊಂದಿತು. ಬಣ್ಣದಲ್ಲಿ ಲೋಹದ ಹೊಳಪಿದ್ದರೆ ಕಷ್ಟ ಇನ್ನೂ ಹೆಚ್ಚು. ಗನ್ ಹಿಡಿಯುವ ದೂರ, ಗಾಳಿಯ ಒತ್ತಡ ಬದಲಾದರೆ ಛಾಯೆಯೂ ಬದಲಾಗುತ್ತದೆಯಂತೆ.

ಹೊಡೆಯುವಾಗಲೂ ಬಣ್ಣವನ್ನು ಒಂದು ಗೆರೆಗೆ ನಿಲ್ಲಿಸದೆ, ಅಂಚಿನ ಕಡೆಗೆ ತೆಳುವಾಗಿಸುತ್ತ ಹಳೆಯದರಲ್ಲಿ ಕರಗಿಸಿದರು. ಕಣ್ಣಿಗೆ ತಟ್ಟನೆ ಹೊಳೆಯುವುದು ಬಣ್ಣದ ಅಲ್ಪ ವ್ಯತ್ಯಾಸಕ್ಕಿಂತ ಗೆರೆಯೇ.

ಇಲ್ಲಿ ನಮ್ಮೂರಿನ ಗುಡಿಗಳು ನೆನಪಾದವು. 1987ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಇಂತಹ ಸ್ಮಾರಕಗಳ ದುರಸ್ತಿಗೆ 1964ರ ವೆನಿಸ್ ಸನ್ನದು ಬೇರೊಂದು ನಿಯಮವನ್ನು ಹೇಳುತ್ತದೆ. ಹೊಸದಾಗಿ ಕೂಡಿಸಿದ ಭಾಗ ಒಟ್ಟಂದಕ್ಕೆ ಹೊಂದಬೇಕು, ಆದರೆ ಹಳೆಯದೆಂಬ ಭ್ರಮೆ ಹುಟ್ಟಿಸಬಾರದು. ಕಲ್ಲು ಇತಿಹಾಸಕ್ಕೆ ಸಾಕ್ಷಿಯಾದ್ದರಿಂದ ಅಲ್ಲಿ ಆ ನಿಯಮ ಸರಿ. ಮನೆಯ ಕಾರು ಯಾರಿಗೂ ಸಾಕ್ಷಿ ಹೇಳಬೇಕಾಗಿಲ್ಲ. ಇಲ್ಲಿ ಗಾಯ ಮರೆಯಾದರೆ ಸಾಕು.

ಒಂದು ಎಚ್ಚರಿಕೆಯನ್ನು ವಾಚಕ ಬಂಧುಗಳಿಗೆ ಹೇಳಲೇಬೇಕು. ಗಟ್ಟಿಗೊಳಿಸುವ ದ್ರವ ಬೆರೆಸಿ ಹೊಡೆಯುವ ಈಗಿನ ಅನೇಕ ಬಣ್ಣಗಳಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿರುತ್ತದೆ. ಅದರ ಮಂಜು ಉಸಿರಿಗೆ ಹೋದರೆ ಆಸ್ತಮಾ ಬರಬಹುದು. ಬಾಯಿಗೆ ಕಟ್ಟಿದ ವಸ್ತ್ರ ಅದನ್ನು ತಡೆಯದು. ನಮ್ಮ ವಾಹನ ಚೆಂದವಾಗಲೆಂದು ದುಡಿಯುವವರ ಎದೆ ಕೆಡಬಾರದು. ತಕ್ಕ ಉಸಿರುಕವಚ, ಗಾಳಿಯಾಡುವ ಜಾಗ ಇವೆಯೇ ಎಂದು ಕೇಳಿ, ಅದರ ಖರ್ಚನ್ನು ಕೂಲಿಯೊಂದಿಗೆ ಕೊಡುವುದು ವಾಹನದ ಒಡೆಯನಿಗೆ ಸೇರಿದ್ದು.

ಕೆಲಸ ಮುಗಿದ ಮೇಲೆ ವೈನಿಯವರು ಬಾಗಿಲ ಮೇಲೆ ಕೈಯಾಡಿಸಿ, ಪೆಟ್ಟು ಬಿದ್ದ ಜಾಗ ಯಾವುದೆಂದು ಕೇಳಿದರು. ಉಳಿದ ಬಣ್ಣವನ್ನು ಡಬ್ಬಿಯಲ್ಲಿ ಕಾದಿಡೋಣವೆಂದು ಹುಡುಗ ಹೇಳಿದಾಗ ಪೇಂಟರರು ನಕ್ಕರು. ಸಣ್ಣ ಗೀರುಗಳಿಗೆ ಒಂದೆರಡು ವರ್ಷ ಅದು ನಡೆದೀತು. ಆಮೇಲೆ ಡಬ್ಬಿಯ ಬಣ್ಣ ಇದ್ದಂತೆಯೇ ಇರುತ್ತದೆ, ಕಾರಿನದು ಮುಂದೆ ಹೋಗಿರುತ್ತದೆ. ಆಗ ಮತ್ತೆ ಮೊದಲ ತಗಡಿನಿಂದಲೇ ಆರಂಭಿಸಬೇಕು.